ರಿಪೋರ್ಟ್ ಓದುತ್ತಿದ್ದ ವೆಂಕಟಗಿರಿ ಮೇಷ್ಟ್ರು

ಅತ್ತಿಗುಪ್ಪೆ ಮೆಟ್ರೊ ನಿಲ್ದಾಣದಿಂದ ಎರಡು ಅಡ್ಡರಸ್ತೆ ದಾಟಿದರೆ ಒಂದು ಬೇಕರಿ. ಅದರ ಮೇಲಿನ ಮಹಡಿಯಲ್ಲಿ, ಎಂಟು ಕಂಪ್ಯೂಟರುಗಳ ಕೋಣೆಯಲ್ಲಿ, ವೆಂಕಟಗಿರಿ ಇಪ್ಪತ್ತೆರಡು ವರ್ಷ ನೆಟ್‌ವರ್ಕಿಂಗ್ ಕಲಿಸಿದರು. ಅವರ ಅಪ್ಪ ಅಂಜಿನಯ್ಯ ಸುಂಕದಕಟ್ಟೆಯಲ್ಲಿ ಸೊಪ್ಪು ಬೆಳೆಯುತ್ತಿದ್ದವರು. ಆ ಹೊಲಗಳ ಮೇಲೆ ಈಗ ಮೂರು ಅಂತಸ್ತಿನ ಮನೆಗಳಿವೆ. ಮನೆತನದಲ್ಲಿ ಮೊದಲ ಡಿಪ್ಲೊಮಾ ಓದಿದವರು ವೆಂಕಟಗಿರಿ. ಮಕ್ಕಳಿಲ್ಲ. ಹೆಂಡತಿ ಲತಾ ಬೆಳಿಗ್ಗೆ ಅಡುಗೆ ಮುಗಿಸಿ ಅವರ ಜೊತೆಯಲ್ಲೇ ಬಂದು, ಬಾಗಿಲ ಬಳಿಯ ಮೇಜಿನಲ್ಲಿ ಕೂತು ಸೇರುವವರ ಹೆಸರು ಬರೆದುಕೊಳ್ಳುತ್ತಿದ್ದಳು.

ಕಲಿಸುವವರು ವಿಜಯನಗರದಲ್ಲಿ ಬೇಕಾದಷ್ಟು ಮಂದಿ ಇದ್ದರು. ವೆಂಕಟಗಿರಿ ಹೆಸರಾಗಿದ್ದು ಬೇರೆಯದಕ್ಕೆ. ಸರ್ಟಿಫಿಕೇಟ್ ಪರೀಕ್ಷೆಯಲ್ಲಿ ಫೇಲಾದವರು ಸ್ಕೋರ್ ರಿಪೋರ್ಟ್ ಹಿಡಿದು ಅವರ ಹತ್ತಿರ ಬರುತ್ತಿದ್ದರು, ಬೇರೆ ಕಡೆ ಓದಿದವರೂ. ಅವರು ಕನ್ನಡಕ ಏರಿಸಿ ಆ ಒಂದು ಹಾಳೆಯನ್ನು ಜಾತಕ ನೋಡುವಷ್ಟು ಹೊತ್ತು ನೋಡುತ್ತಿದ್ದರು.

ಒಮ್ಮೆ ಗದಗಿನ ಕಡೆಯ ಚೇತನಾ ಎಂಬ ಹುಡುಗಿ ಬಂದಳು. ಕೆಂಗೇರಿಯ ಪಿ.ಜಿ.ಯಲ್ಲಿದ್ದುಕೊಂಡು ಇವರಲ್ಲೇ ಕಲಿತವಳು.

"ಸಾವಿರಕ್ಕ ಏಳ್ನೂರು ಬೇಕಿತ್ರಿ ಸರ, ಆರ್ನೂರಾ ನಲವತ್ತೊಂದು ಬಂದೈತಿ. ಅರವತ್ನಾಲ್ಕು ಪರ್ಸೆಂಟ್ ತಗೊಂಡ್ರೂ ಫೇಲ್ ಅಂತಾರಲ್ರಿ."

"ಇದು ಪರ್ಸೆಂಟ್ ಅಲ್ಲಮ್ಮ," ಎಂದರು ವೆಂಕಟಗಿರಿ. "ಒಬ್ಬೊಬ್ಬರಿಗೆ ಒಂದೊಂದು ಪ್ರಶ್ನೆಪತ್ರಿಕೆ ಬರುತ್ತೆ, ಒಂದು ಸುಲಭ, ಒಂದು ಕಷ್ಟ. ಎಲ್ಲರನ್ನೂ ಒಂದೇ ತಕ್ಕಡೀಲಿ ತೂಗೋಕೆ ಅಂತ ಲೆಕ್ಕ ಹಾಕಿ ಕೊಡೋ ಸಂಖ್ಯೆ ಇದು. ಅದನ್ನ ನೋಡ್ಕೊಂಡು ಅಳಬೇಡ. ಕೆಳಗೆ ನೋಡು, ಭಾಗ ಭಾಗ ಮಾಡಿ ಗೆರೆ ಎಳೆದಿದಾರಲ್ಲ, ಅಲ್ಲಿ ವಿಷಯ ಇರೋದು."

ನೋಡುತ್ತಾ ನೋಡುತ್ತಾ ಅವರ ದನಿ ಇಳಿಯಿತು. "ಓದದೆ ಫೇಲಾದವರಿಗೆ ಒಂದೋ ಎರಡೋ ಭಾಗ ಕೈಕೊಡುತ್ತೆ. ನಿಂದು ಎಲ್ಲಾ ಕಡೇನೂ ಒಟ್ಟಿಗೆ ಇಳಿದಿದೆ. ಕಂಪ್ಯೂಟರುಗಳಿಗೆ ಅಡ್ರೆಸ್ ಹಂಚೋ ಲೆಕ್ಕ, ನೀನು ಕಣ್ಮುಚ್ಚಿ ಮಾಡ್ತಿದ್ದದ್ದು, ಅದೂ ಇಳಿದಿದೆ. ಪುಸ್ತಕದ ತಪ್ಪಲ್ಲ ಇದು. ಮನೇಲಿ ಏನಾಯ್ತಮ್ಮ?"

ಚೇತನಾ ದುಪಟ್ಟಾ ಬಾಯಿಗೆ ಒತ್ತಿಕೊಂಡಳು. "ಅವ್ವ ತೀರಿಕೊಂಡ್ಳರಿ. ಪರೀಕ್ಷಾ ಬರಿಯೂ ಹೊತ್ತಿಗೆ ಹನ್ನೊಂದು ದಿನ ಆಗಿತ್ತು. ದಿನ ಬದಲಿ ಮಾಡಾಕ ಬರ್ತೈತಿ ಅಂತ ಗೊತ್ತಿರ್ಲಿಲ್ರಿ."

ಬೇಕರಿಯಿಂದ ಟೀ ತರಿಸಿ ಕುಡಿಸಿ, ಎರಡು ತಿಂಗಳು ಬಿಟ್ಟು ಬರಿ ಎಂದು ಕಳಿಸಿದರು. ಅವಳು ಪಾಸಾದಳು, ಕೆಲಸವೂ ಸಿಕ್ಕಿತು. ಇಂಥ ಮಾತುಗಳನ್ನು ಬಾಗಿಲ ಬಳಿ ಕೂತು ಎಷ್ಟೋ ಸಲ ಕೇಳಿದ್ದ ಲತಾಗೆ, ಕಂಪ್ಯೂಟರ್ ಬಾರದಿದ್ದರೂ, ರಿಪೋರ್ಟ್ ಓದುವುದು ಮಾತ್ರ ಬಂದುಬಿಟ್ಟಿತ್ತು.

ಕಲಿಸುವವರೂ ಮೂರು ವರ್ಷಕ್ಕೊಮ್ಮೆ ಆ ಪರೀಕ್ಷೆಯನ್ನು ಮತ್ತೆ ಬರೆದು ಸರ್ಟಿಫಿಕೇಟ್ ಉಳಿಸಿಕೊಳ್ಳಬೇಕು. ವೆಂಕಟಗಿರಿಗೆ ಅದು ಹಬ್ಬ. ಇಸ್ತ್ರಿ ಶರ್ಟ್ ಹಾಕಿಕೊಂಡು ಹೋಗಿ, ಬರುವಾಗ ಮೈಸೂರುಪಾಕ್ ಹಿಡಿದು ಬರುತ್ತಿದ್ದರು. ಒಂಬೈನೂರಕ್ಕೆ ಕಡಿಮೆ ತಂದವರಲ್ಲ. ಐವತ್ನಾಲ್ಕನೇ ವಯಸ್ಸಿನಲ್ಲಿ, ಕಳೆದ ವರ್ಷದ ಜೂನಿನಲ್ಲಿ, ಬರಿಗೈಯಲ್ಲಿ ಬಂದು, "ಪರೀಕ್ಷೆ ಮುಂದಕ್ಕೆ ಹೋಯ್ತು ಕಣೇ, ಅವರ ಸರ್ವರ್ ಕೆಟ್ಟಿತ್ತು," ಎಂದರು. ಲತಾ ನಂಬಿದಳು.

ಆಗಲೇ ಒಂದೆರಡು ಸಂಗತಿ ನಡೆದಿದ್ದವು. ಸೋಮವಾರ ಮುಗಿಸಿದ ಪಾಠವನ್ನೇ ಬುಧವಾರ ಮತ್ತೆ ಶುರುಮಾಡಿದ್ದರು. ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಸುಮ್ಮನೆ ಬರೆದುಕೊಂಡಿದ್ದರು. ಲತಾ ಅದನ್ನು ಸುಸ್ತು ಎಂದುಕೊಂಡಳು, ಸಕ್ಕರೆ ಕಾಯಿಲೆ ಎಂದುಕೊಂಡಳು.

ಶ್ರಾವಣದ ಒಂದು ಮಧ್ಯಾಹ್ನ ರಾಜಾಜಿನಗರದಿಂದ ಅವರ ಫೋನ್ ಬಂತು. "ಲತಾ, ಗಾಡಿ ಕಳುವಾಗಿದೆ ಕಣೇ. ಬೀಗದ ಕೈನೂ ಸಿಗ್ತಿಲ್ಲ."

ಅವಳು ಮನೆಯಲ್ಲಿದ್ದ ಇನ್ನೊಂದು ಬೀಗದ ಕೈ ತೆಗೆದುಕೊಂಡು ಆಟೊ ಹತ್ತಿದಳು. ಅಲ್ಲಿನ ಪರೀಕ್ಷಾ ಕೇಂದ್ರದ ಮೆಟ್ಟಿಲ ಮೇಲೆ ಅವರು ಕೂತಿದ್ದರು. ಅವರಿಂದ ಹತ್ತು ಹೆಜ್ಜೆಯಲ್ಲಿ, ಹೊಂಗೆ ಮರದ ಕೆಳಗೆ, ಅವರದೇ ಬೂದು ಬಣ್ಣದ ಸ್ಕೂಟರ್ ನಿಂತಿತ್ತು. ನೀರಿನ ಬಾಟಲಿ ಇರಬಹುದೆಂದು ಲತಾ ಡಿಕ್ಕಿ ತೆರೆದಳು. ಒಳಗೆ ನಾಲ್ಕಾಗಿ ಮಡಚಿದ ಹಾಳೆಗಳು. ಒಂದಲ್ಲ, ಮೂರು.

ಬಿಸಿಲಲ್ಲೇ ನಿಂತು ಬಿಡಿಸಿ ನೋಡಿದಳು. ಜೂನಿನದು ಆರುನೂರ ಹನ್ನೆರಡು. ಜುಲೈಯದು ಐನೂರ ಅರವತ್ತು. ಮೂರನೆಯದು ಅವತ್ತಿನದೇ, ನಾನೂರ ತೊಂಬತ್ತೆಂಟು; ಗಾಡಿಯ ಹತ್ತಿರ ಬಂದು ಅದನ್ನು ಒಳಗಿಟ್ಟದ್ದನ್ನೂ ಅವರು ಮರೆತಿದ್ದರು. ಸಂಖ್ಯೆ ಬಿಟ್ಟು ಅವಳ ಕಣ್ಣು ತಾನಾಗಿ ಕೆಳಗಿನ ಗೆರೆಗಳಿಗೆ ಹೋಯಿತು. ಯಾವ ಭಾಗವೂ ನಿಂತಿರಲಿಲ್ಲ. ಎಲ್ಲಾ ಕಡೆಯೂ ಒಟ್ಟಿಗೆ, ಪ್ರತಿ ತಿಂಗಳೂ ಇನ್ನಷ್ಟು. ಇಪ್ಪತ್ತೆರಡು ವರ್ಷ ದಿನಾ ಬೋರ್ಡಿನ ಮೇಲೆ ಬರೆದು ತೋರಿಸಿದ ಅಡ್ರೆಸ್ ಲೆಕ್ಕದಲ್ಲಿ ನೂರಕ್ಕೆ ಮೂವತ್ತು. ಇದು ಪುಸ್ತಕದ ತಪ್ಪಲ್ಲ ಎಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಹಾಳೆಗಳನ್ನು ಇದ್ದ ಹಾಗೆಯೇ ಮಡಚಿಟ್ಟು ಡಿಕ್ಕಿ ಮುಚ್ಚಿದಳು.

ಮೆಟ್ಟಿಲ ಮೇಲೆ ಅವರ ಪಕ್ಕ ಹೋಗಿ ಕೂತಳು. "ಏನಾಗ್ತಿದೆ ರೀ?"

"ಪ್ರಶ್ನೆ ಓದ್ತೀನಿ ಕಣೇ. ಕೊನೇ ಸಾಲಿಗೆ ಬರೋ ಹೊತ್ತಿಗೆ ಮೊದಲು ಏನಿತ್ತು ಅಂತ ಹೋಗಿಬಿಡುತ್ತೆ. ಮತ್ತೆ ಮೇಲಿಂದ ಓದ್ತೀನಿ. ಟೈಮ್ ಮುಗಿದುಹೋಗುತ್ತೆ."

"ನಂಗ್ಯಾಕೆ ಹೇಳ್ಲಿಲ್ಲ?"

"ಓದಿದ್ರೆ ಸರಿಹೋಗುತ್ತೆ ಅಂದ್ಕೊಂಡೆ."

ನರರೋಗದ ಆಸ್ಪತ್ರೆಯಲ್ಲಿ ಮಗಳ ವಯಸ್ಸಿನ ಡಾಕ್ಟರು ಒಂದು ಹಾಳೆ ಇಟ್ಟುಕೊಂಡು ಅರ್ಧ ಗಂಟೆ ಕೇಳಿದರು. ಗಡಿಯಾರ ಬರೆಯಿರಿ, ನೂರರಿಂದ ಏಳೇಳು ಕಳೆಯಿರಿ, ಈಗ ಹೇಳುವ ಐದು ಪದಗಳನ್ನು ಆಮೇಲೆ ಹೇಳಿ. ಲತಾ ಗೋಡೆಯ ಬದಿ ಕೂತು ಆ ಐದೂ ಪದಗಳನ್ನು ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದಳು, ಅವಳು ಹೇಳಿಕೊಂಡರೆ ಅವರಿಗೆ ಕೇಳಿಸುತ್ತದೇನೋ ಎಂಬಂತೆ. ಮಲ್ಲಿಗೆ, ಕುರ್ಚಿ, ಹಸಿರು, ಸೇತುವೆ, ಅಜ್ಜಿ. ಅವರು ಒಂದನ್ನೂ ಹೇಳಲಿಲ್ಲ. "ಯಾವ ಪದ?" ಎಂದು ಕೇಳಿದರು.

ಮುಗಿದ ಮೇಲೆ ಆ ಹಾಳೆಗೆ ಕೈಚಾಚಿದರು. ಡಾಕ್ಟರು ತಡವರಿಸಿ ಕೊಟ್ಟರು. ವೆಂಕಟಗಿರಿ ಕನ್ನಡಕ ಏರಿಸಿ ನೋಡಿದರು. ಲತಾಗೆ ಎಷ್ಟೋ ದಿನದ ಮೇಲೆ ಅವರ ಹಳೆಯ ದನಿ ಕೇಳಿಸಿತು.

"ನೋಡು ಲತಾ, ಒಟ್ಟು ಮೂವತ್ತಕ್ಕೆ ಹದಿನಾರು. ಅದಿರ್ಲಿ. ಭಾಷೆ ಪರವಾಗಿಲ್ಲ. ವಸ್ತು ಗುರುತಿಸೋದು ಪೂರ್ತಿ ಬಂದಿದೆ. ಲೆಕ್ಕ ಅರ್ಧ. ನೆನಪು ಐದಕ್ಕೆ ಸೊನ್ನೆ." ಡಾಕ್ಟರ ಕಡೆ ತಿರುಗಿದರು. "ಪಾಸ್ ಮಾರ್ಕ್ ಎಷ್ಟಮ್ಮ?"

"ಇದರಲ್ಲಿ ಪಾಸು ಫೇಲು ಅಂತಿಲ್ಲ ಸಾರ್."

"ಮತ್ತೆ ಬರೀಬಹುದಾ?"

"ಆರು ತಿಂಗಳು ಬಿಟ್ಟು ಇನ್ನೊಂದ್ಸಲ ಮಾಡ್ತೀವಿ."

"ಅಷ್ಟರೊಳಗೆ ಏನು ಓದ್ಕೋಬೇಕು?"

ಡಾಕ್ಟರು ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡಿದರು. "ಮೊದಲು ಸ್ಕ್ಯಾನ್ ಮಾಡಿಸೋಣ ಸಾರ್," ಎಂದರು. ವೆಂಕಟಗಿರಿ ಲತಾಳ ಮುಖ ನೋಡಿ ಹಾಳೆಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು.

ಸ್ಕ್ಯಾನಿನಲ್ಲಿ ಮರೆವಿನ ಕಾಯಿಲೆ ಎಂದೇ ಬಂತು. ಈ ವಯಸ್ಸಿಗೆ ಬಂದದ್ದು ಬೇಗ ಬೆಳೆಯುತ್ತದೆ ಎಂದರು. ಅವತ್ತು ಲತಾ ಮನೆಗೆ ಬಂದು ಕುಕ್ಕರ್ ಇಟ್ಟು, ಅದು ಕೂಗುವಾಗ ಆ ಸದ್ದಿನಲ್ಲಿ ಅತ್ತಳು. ಪ್ರತಿ ಸಲ ಸದ್ದು ನಿಂತಾಗ ತಾನೂ ನಿಲ್ಲಿಸಿದಳು.

ಬೇಕರಿಯ ಮೇಲಿನ ಪಾಠದ ಕೋಣೆಗೆ ಬೀಗ ಹಾಕೋಣ ಎಂದುಕೊಂಡಿದ್ದಳು. ಹೇಗೋ ಸುದ್ದಿ ತಿಳಿದ ಚೇತನಾ ಕೆಲಸ ಮುಗಿಸಿ ಒಂದು ಸಂಜೆ ನೇರ ಬಂದಳು. "ಈ ಬ್ಯಾಚ್ ಹುಡುಗ್ರನ್ನ ನಡುವ ಬಿಡೂದು ಬ್ಯಾಡ್ರಿ ಅಕ್ಕಾರ. ಸಂಜೀಕ ನಾ ಬಂದು ಹೇಳಿಕೊಡ್ತೀನಿ. ಸರ್ ಇಲ್ಲೇ ಕುಂದರ್ಲಿ."

ಹಾಗೆ ವೆಂಕಟಗಿರಿ ಹಿಂದಿನ ಸಾಲಿನಲ್ಲಿ ಕೂರತೊಡಗಿದರು. ಮೊದಮೊದಲು ಎದ್ದು ಬಂದು ಬೋರ್ಡಿನ ಮೇಲೆ ಏನಾದರೂ ತಿದ್ದುತ್ತಿದ್ದರು. ಸರಿಯಿದ್ದದ್ದನ್ನು ತಪ್ಪು ತಿದ್ದಿದರೂ ಚೇತನಾ "ಹೌದ್ರಿ ಸರ" ಎಂದು, ಅವರು ಕೂತ ಮೇಲೆ ಅಂಗೈಯಿಂದ ಒರೆಸುತ್ತಿದ್ದಳು. ದೀಪಾವಳಿ ಕಳೆಯುವ ಹೊತ್ತಿಗೆ ಏಳುವುದು ನಿಂತಿತು. ಒಂದು ನೋಟ್‌ಬುಕ್ ಕೇಳಿ ಇಸಿದುಕೊಂಡು, ಅವಳು ಹೇಳಿದ್ದನ್ನು ಉಳಿದವರ ಹಾಗೆ ಬರೆದುಕೊಳ್ಳತೊಡಗಿದರು.

ಒಂದು ಸಂಜೆ ಪಾಠ ಮುಗಿದು ಲತಾ ಅವರ ಕೈಹಿಡಿದು ಮೆಟ್ಟಿಲು ಇಳಿಸುತ್ತಿದ್ದಳು. ಅವರು ಅರ್ಧದಲ್ಲಿ ನಿಂತರು.

"ಆ ಹುಡುಗಿ ಬಹಳ ಚೆನ್ನಾಗಿ ಹೇಳ್ಕೊಡ್ತಾಳೆ. ಎಲ್ಲಿ ಕಲಿತಳಂತೆ?"

ಲತಾ ಸೆರಗು ಸರಿಮಾಡಿಕೊಳ್ಳುವವಳಂತೆ ಮುಖ ತಿರುಗಿಸಿದಳು. "ಇಲ್ಲೇ, ಅತ್ತಿಗುಪ್ಪೇಲಿ. ಒಬ್ಬರು ಮೇಷ್ಟ್ರು ಇದ್ರಂತೆ."

"ಒಳ್ಳೆಯವರಿರಬೇಕು."

"ಹ್ಞೂಂ ರೀ. ತುಂಬಾ ಒಳ್ಳೆಯವರು," ಎಂದಳು. "ನಿಧಾನ, ಇನ್ನೂ ಆರು ಮೆಟ್ಟಿಲಿದೆ."