ದೇವರ ಚೀಲ

ನಮ್ಮ ಅತ್ತೆಗೆ ಒಂದೇ ಭಯ. ಪೂಜೆಗೆ ಏರಿಸಿದ ಹೂವು ಯಾರ ಕಾಲಿಗೂ ಸಿಗಬಾರದು, ಹರಿಯುವ ನೀರಿಗೇ ಸೇರಬೇಕು. ನಾನು ಕಲಬುರಗಿಯಿಂದ ದಿನಾ ಬಸ್ಸಿನಲ್ಲಿ ಕಮಲಾಪುರದ ಶಾಲೆಗೆ ಪಾಠ ಹೇಳಲು ಹೋಗುವವಳು. ದಾರಿಯಲ್ಲಿ ಹಳ್ಳದ ಸೇತುವೆ ಬರುತ್ತದೆ, ಹಾಗಾಗಿ ಆ ಕೆಲಸ ನನ್ನ ಪಾಲಿಗೆ ಬಂತು. ವಾರದ ಹೂವು, ಪತ್ರೆಯನ್ನೆಲ್ಲ ಕಾಗದದಲ್ಲಿ ಸುತ್ತಿ ಒಯ್ದರೆ ಸೀರೆಗೆ ಕೊಳೆನೀರು ಸೋರುತ್ತಿತ್ತು. ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯ ಬಟ್ಟೆ ಅಂಗಡಿಯವರು ಕೊಟ್ಟ ದಪ್ಪ ಪ್ಲಾಸ್ಟಿಕ್ ಚೀಲಗಳು ಮನೆಯಲ್ಲಿ ರಾಶಿ ಬಿದ್ದಿದ್ದವು. ಅಂಥದೊಂದರಲ್ಲಿ ತುಂಬಿ, ಎರಡು ಗಂಟು ಬಿಗಿದು, ಪ್ರತಿ ಸೋಮವಾರ ಸೇತುವೆ ಬಂದಾಗ ಕಣ್ಣಿಗೆ ಒತ್ತಿಕೊಂಡು ಕಿಟಕಿಯಿಂದ ಒಗೆಯುತ್ತಿದ್ದೆ. ಪಕ್ಕದಲ್ಲಿ ಕೂತವರೂ ಕೈ ಮುಗಿಯುತ್ತಿದ್ದರು.

ಅದೇ ನಾನು ಏಳನೇ ತರಗತಿಗೆ ಸಮುದ್ರದ ಪಾಠ ಮಾಡಿದೆ. ಓದೋದು ಶಾಸ್ತ್ರ, ಇಕ್ಕೋದು ಗಾಳ. ಸಮುದ್ರ ನೋಡಿದ ಮಗು ಅಲ್ಲಿ ಒಂದೂ ಇರಲಿಲ್ಲ. ಕಡಲಾಮೆ ಪ್ಲಾಸ್ಟಿಕ್ ಚೀಲವನ್ನು ತಿನ್ನುವ ಪದಾರ್ಥವೆಂದು ನುಂಗಿ ಸಾಯುತ್ತದೆ ಎಂದು ಹೇಳಿದೆ. ನಮ್ಮ ಹಳ್ಳದ ನೀರು ಭೀಮೆಗೆ, ಭೀಮೆ ಕೃಷ್ಣೆಗೆ, ಕೃಷ್ಣೆ ಸಮುದ್ರಕ್ಕೆ ಎಂದು ಬೋರ್ಡಿನ ಮೇಲೆ ಉದ್ದ ಗೆರೆ ಎಳೆದೆ. ನನ್ನ ಪಾಠ ನನಗೇ ಬಹಳ ಹಿಡಿಸಿತ್ತು.

ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು. ಅವರ ಹೊಲ ಆ ಸೇತುವೆಯ ಪಕ್ಕದ್ದು.

“ಟೀಚರ್, ನೀವು ಸೋಮವಾರ ಬಸ್ಸಿನಾಗಿಂದ ಚೀಲ ಒಗೀತೀರಲ್ರಿ, ಅದೂ ಸಮುದ್ರಕ್ಕ ಹೋಗ್ತದೇನ್ರಿ?”

ಅವಳ ಮಾತಿನಲ್ಲಿ ಕುಹಕವಿರಲಿಲ್ಲ. ತಿಳಿಯಬೇಕಿತ್ತು, ಕೇಳಿದಳು. ಇಡೀ ತರಗತಿ ನನ್ನ ಮುಖ ನೋಡಿತು. ಹೌದು ಎನ್ನಲು ನಾಲಿಗೆ ಹೊರಳಲಿಲ್ಲ.

“ಇಲ್ಲವ್ವ, ಅದು ದೇವರ ಚೀಲ. ನೀರಾಗ ಕರಗ್ತದ,” ಎಂದೆ.

ಅವಳು ಅದನ್ನು ನೋಟ್‌ಬುಕ್‌ನಲ್ಲಿ ಬರೆದುಕೊಂಡಳು. ಬರೆಯಬೇಡ ಎಂದು ನಾನು ಹೇಳಲಿಲ್ಲ.

ಮುಂದಿನ ಸೋಮವಾರ ಚೀಲವನ್ನು ಮನೆಯಲ್ಲೇ ಬಿಟ್ಟು ಹೋದೆ. ಅತ್ತೆಗೆ ಮರೆತೆನೆಂದು ಇನ್ನೊಂದು ಸುಳ್ಳು. ಮಂಗಳವಾರ ಆ ಹುಡುಗಿ ಖುಷಿಯಿಂದ ನನ್ನ ಮೇಜಿನ ಹತ್ತಿರ ಬಂದಳು.

“ನಮ್ಮವ್ವ ಪೂಜಿ ಹೂವ ಬಾಳಿ ಗಿಡದ ಬುಡಕ ಹಾಕ್ತಿದ್ಳ್ರಿ. ನಾನೇ ಬ್ಯಾಡ ಅಂದೆ. ನಿಮ್ಮಂಗ ಪ್ಲಾಸ್ಟಿಕ್ ಚೀಲದಾಗ ಗಂಟು ಹಾಕಿ ನಿನ್ನಿ ಹಳ್ಳಕ್ಕ ಒಗದೀನ್ರಿ.”

ಶಾಲೆಯ ಮೆಟ್ಟಿಲು ಹತ್ತದ ಆ ತಾಯಿ ಯಾರೂ ಹೇಳಿಕೊಡದೆ ಸರಿಯಾದದ್ದನ್ನೇ ಮಾಡುತ್ತಿದ್ದಳು. ಅದನ್ನು ಕೆಡಿಸಲು ಟೀಚರ್ ಬೇಕಾಯಿತು. ಅವತ್ತು ಎಲ್ಲರೆದುರು ಸುಳ್ಳು ಹೇಳಿದ್ದೆ, ಈಗಲೂ ಎಲ್ಲರಿಗೂ ಕೇಳುವಂತೆಯೇ ಹೇಳಿದೆ.

“ನಾ ಸುಳ್ಳು ಹೇಳಿದ್ದೆವ್ವ. ಆ ಚೀಲ ಕರಗೂದಿಲ್ಲ. ನಿಮ್ಮವ್ವ ಮಾಡೂದೇ ಬರೋಬರ್ ಅದ.”

ಹುಡುಗಿ ಸಿಟ್ಟಾಗಲಿಲ್ಲ. ಬೋರ್ಡಿನ ಕಡೆ ತಿರುಗಿ ನೋಡಿದಳು. ಹೋದ ವಾರದ ಗೆರೆ ಅಳಿಸಿಹೋಗಿತ್ತು.

“ಹಂಗಾರ ನಿನ್ನಿ ನಾ ಒಗದದ್ದು ಈಗ ಎಲ್ಲಿ ಮುಟ್ಟಿರ್ತದ್ರಿ?” ಎಂದಳು.