ಮೈದುನ ಹಾಕಿಸಿದ ಸೈಲೆನ್ಸರ್

ನಿನ್ನೆ ಮೂಡುಬಿದಿರೆಯ ಬಸ್‌ಸ್ಟ್ಯಾಂಡಿನ ಎದುರು ತರಕಾರಿ ಆರಿಸುತ್ತಿದ್ದಾಗ ಬೈಕೊಂದು ಗರ್ನಾಲು ಸಿಡಿದ ಹಾಗೆ ಸದ್ದು ಮಾಡಿಕೊಂಡು ಹೋಯಿತು. ಕೈಯಲ್ಲಿದ್ದ ಬೆಂಡೆಕಾಯಿ ನಡುವೆಯೇ ಮುರಿಯಿತು. ಬೆಚ್ಚಿಬಿದ್ದಿರಾ ಎಂದು ಅಂಗಡಿಯವರು ಕೇಳಿದರು. ಬೆಚ್ಚಿದ್ದಲ್ಲ, ಸಿಟ್ಟು. ಯಾರದೋ ಸೈಲೆನ್ಸರಿನ ಮೇಲೆ ಇವಳಿಗೆಂಥ ಹಗೆ ಎಂದು ನಿಮಗೆ ನಗು ಬರಬಹುದು. ಹೇಳುತ್ತೇನೆ, ಕೇಳಿ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ನಮ್ಮ ಮನೆ ಶಿರ್ತಾಡಿಯಲ್ಲಿ, ನನ್ನ ಕಚೇರಿ ಬಿ.ಸಿ.ರೋಡಿನಲ್ಲಿ. ಬಸ್ಸುಗಳಲ್ಲಿ ನೇತಾಡಿ ಸಾಕಾಗಿ ನಾನೊಂದು ಕಾರು ಕೊಂಡಿದ್ದೆ. ಅದರೊಳಗೆ ಕಂಪ್ಯೂಟರ್ ಉಂಟಂತೆ ಎಂದು ನೆರೆಯವರು ಬಾನೆಟ್ ತೆಗೆಸಿ ಹುಡುಕಿದ್ದರು. ಟಿ.ವಿ.ಯಂಥದ್ದೇನೂ ಕಾಣದೆ ಅವರಿಗೆ ನಿರಾಸೆ. ನನಗೂ ಅದೆಲ್ಲಿದೆ ಎಂದು ಗೊತ್ತಿರಲಿಲ್ಲ, ಗೊತ್ತಿದ್ದವಳ ಹಾಗೆ ನಿಂತಿದ್ದೆ ಅಷ್ಟೆ.

ಆ ಕಾರಿನ ಹಿಂದಿನ ಸೀಟು ಅತ್ತೆಯದು. ಬಹಳ ವರ್ಷ ಮನೆಯ ಹೋಟೆಲಿನ ಒಲೆ ಮುಂದೆ ನಿಂತು ಮಂಡಿ ಸವೆಸಿಕೊಂಡವರು. ಆಪರೇಷನ್ ಆದ ಮೇಲೆ, ಮಂಡಿಗೆ ವ್ಯಾಯಾಮ ಮಾಡಿಸುವ ಆಸ್ಪತ್ರೆಗೆಂದು ನನ್ನೊಡನೆ ಬಿ.ಸಿ.ರೋಡಿಗೆ ಬರುತ್ತಿದ್ದರು. ಅಲ್ಲಿಯೇ ತಮ್ಮ ತಂಗಿಯ ಮನೆಯಲ್ಲಿ ಊಟ, ಹರಟೆ. ಸಂಜೆ ಮತ್ತೆ ನನ್ನ ಜೊತೆ. ಧೂಳಿಗೆ ಹೆದರಿ ಗಾಜು ಏರಿಸಿ, ಕಾಲು ಚಾಚಿ ಕೂತು, ದಾರಿಯಲ್ಲಿ ಕಂಡ ಹೋಟೆಲುಗಳನ್ನೆಲ್ಲ ಬೈಯುತ್ತಾ ಬರುವುದೇ ಅವರಿಗೆ ಸುಖ. ಆಚೆಮನೆಗೂ ಹೋಗದೆ ಬಾಳಿದವರಿಗೆ ಆ ವಯಸ್ಸಿನಲ್ಲಿ ತಿರುಗಾಟ ಸಿಕ್ಕಿತ್ತು.

ಮೈದುನ ಹರೀಶ ಗಲ್ಫಿನಿಂದ ರಜೆಯಲ್ಲಿ ಬಂದವನು ಗೆಳೆಯನ ಮದುವೆಗೆಂದು ಕಾರನ್ನು ಬೆಳ್ತಂಗಡಿಗೆ ಒಯ್ದ. ಮರಳುವಾಗ ಗೇಟಿನಾಚೆಗೇ ಅದರ ಆರ್ಭಟ ಕೇಳಿತು. ಕಂಪನಿಯ ಕೊಳವೆ, ಹೊಗೆ ಶುದ್ಧ ಮಾಡುವ ಡಬ್ಬಿ ಎಲ್ಲವನ್ನೂ ಕಿತ್ತುಹಾಕಿಸಿ ದಪ್ಪ ಪೈಪು ಬೆಸುಗೆ ಹಾಕಿಸಿ ತಂದಿದ್ದ.

“ಈಗ ಗಾಡಿ ಸರಿಯಾಗಿ ಉಸಿರಾಡ್ತದೆ ಅತ್ತಿಗೆ. ಪಿಕಪ್ ನೋಡಿ ನೀವು.”

ನನ್ನನ್ನೊಂದು ಮಾತು ಕೇಳಲಿಲ್ಲ. ಪ್ರೀತಿಯಿಂದ ಮಾಡಿಸಿದ್ದಾನೆ, ಸುಮ್ಮನಿರು ಎಂದರು ನಮ್ಮ ಯಜಮಾನರು. ಪ್ರೀತಿಯ ಮೇಲೆ ಸಿಟ್ಟು ಮಾಡುವುದು ಹೇಗೆ ಹೇಳಿ? ಇಡೀ ಶಿರ್ತಾಡಿ ತಿರುಗಿ ನೋಡುವಂತೆ ಕಚೇರಿಗೆ ಹೋಗಿ ಬಂದೆ.

ಕೆಲವೇ ದಿನಗಳಲ್ಲಿ ಸ್ಟೇರಿಂಗಿನ ಎದುರು ಹಳದಿ ದೀಪವೊಂದು ಹತ್ತಿಕೊಂಡಿತು. ಹರೀಶನಿಗೆ ಹೇಳಿದೆ. ಗಾಡಿ ಒಯ್ದು ತಂದ. ದೀಪ ಆರಿತ್ತು. ಸರಿಯಾಯಿತು ಎಂದ, ನಂಬಿದೆ.

ಆಮೇಲೆ ಪೆಟ್ರೋಲು ಮೊದಲಿಗಿಂತ ಬೇಗ ಮುಗಿಯತೊಡಗಿತು. ಏರಿನಲ್ಲಿ ಕಾರು ಏದುಸಿರು ಬಿಡತೊಡಗಿತು. ಅತ್ತೆಗೆ ಸಿದ್ಧಕಟ್ಟೆ ಬರುವಷ್ಟರಲ್ಲಿ ತಲೆನೋವು, ಬಂಟ್ವಾಳದಲ್ಲಿ ವಾಂತಿ. ನನ್ನ ತಲೆಯೂ ಭಾರವಾಗುತ್ತಿತ್ತು. ಆದರೆ ನಾನು ನನ್ನ ಕಡೆಯ ಗಾಜು ಇಳಿಸಿ ಓಡಿಸುವವಳು, ಅಷ್ಟೊಂದು ತಟ್ಟಲಿಲ್ಲ. ಡಾಕ್ಟರು ಬಿ.ಪಿ. ನೋಡಿ ವಯಸ್ಸಿನದ್ದು ಎಂದರು. ಯಜಮಾನರೂ ಅದನ್ನೇ ಹೇಳಿದರು, ಗಲ್ಫಿಗೆ ಮರಳಿದ್ದ ಹರೀಶನೂ ಫೋನಿನಲ್ಲಿ ಹೇಳಿದ. ಎಷ್ಟು ಸಲೀಸಾಗಿ ಎಲ್ಲರೂ ಒಪ್ಪಿಕೊಂಡರು! ಕೊನೆಗೆ ಅತ್ತೆಯೂ ಒಪ್ಪಿಕೊಂಡರು. ಒಂದು ಬೆಳಿಗ್ಗೆ ಸೀರೆ ಉಟ್ಟು ಜಗಲಿಗೆ ಬಂದವರು ಅಲ್ಲಿಯೇ ಕೂತು, ಇನ್ನು ತನ್ನಿಂದಾಗದು, ನೀನು ಹೋಗು ಎಂದರು. ಮತ್ತೆ ಕಾರು ಹತ್ತಲಿಲ್ಲ.

ಮಳೆಗಾಲ ಹೋಗಿ ಚಳಿ ಬಂತು. ಒಂದು ದಿನ ಸಿದ್ಧಕಟ್ಟೆಯ ಹತ್ತಿರ ಕಾರು ಕಪ್ಪು ಹೊಗೆ ಕಾರಿ ನಿಂತೇ ಹೋಯಿತು. ಮಂಗಳೂರಿನ ಸರ್ವಿಸ್ ಸೆಂಟರಿಗೆ ಎಳೆದೊಯ್ದರು. ಅಲ್ಲಿಯ ಎಂಜಿನಿಯರ್ ಕೀ ತಿರುಗಿಸಿ, ಹಳದಿ ದೀಪ ಈಗ ಒಮ್ಮೆ ಹತ್ತಬೇಕಿತ್ತಲ್ಲ ಎಂದರು. ಬಿಚ್ಚಿ ನೋಡಿದರೆ ಅದರ ಬಲ್ಬನ್ನೇ ತೆಗೆದಿದ್ದರು.

ಹೊಗೆಯ ದಾರಿಯಲ್ಲಿ ಆಕ್ಸಿಜನ್ ಸೆನ್ಸರ್ ಎಂಬ ಪುಟ್ಟ ಮೂಗು ಇರುತ್ತದಂತೆ. ಹೊಗೆಯಲ್ಲಿ ಆಮ್ಲಜನಕ ಎಷ್ಟು ಉಳಿದಿದೆ ಎಂದು ಅದು ನೋಡಿ ಹೇಳಿದ ಹಾಗೆ ಕಂಪ್ಯೂಟರ್ ಪೆಟ್ರೋಲು ಬಡಿಸುತ್ತದೆ. ನಮ್ಮ ಹೊಸ ಪೈಪಿನ ಬೆಸುಗೆ ಹೊಗೆ ಆ ಮೂಗನ್ನು ತಲುಪುವ ಮೊದಲಿನ ಜಾಗದಲ್ಲೇ ಬಿರುಕು ಬಿಟ್ಟು ಹೊರಗಿನ ಗಾಳಿ ಒಳಗೆ ಸೇರುತ್ತಿತ್ತು. ಪೆಟ್ರೋಲು ಸಾಲದು ಎಂದು ಮೂಗು ಹೇಳಿತು, ಕಂಪ್ಯೂಟರ್ ಮತ್ತಷ್ಟು ಸುರಿಯಿತು. ಸಾರಿನ ರುಚಿ ನೋಡುವವಳ ಸೌಟಿಗೆ ಯಾರೋ ನೀರು ಬೆರೆಸುತ್ತಿದ್ದರೆ ಅವಳು ಉಪ್ಪು ಹಾಕುತ್ತಲೇ ಇರುತ್ತಾಳಲ್ಲ, ಹಾಗೆ. ಅರೆಬೆಂದ ಆ ಹೊಗೆಯನ್ನು ಶುದ್ಧ ಮಾಡುವ ಡಬ್ಬಿಯೂ ಇರಲಿಲ್ಲ. ಆ ವಿಷದ ಹೊಗೆ ಕಾರಿನ ಅಡಿಯ ಸಂದುಗಳಿಂದ ಸೋರಿ ಹಿಂದಿನ ಸೀಟಿಗೆ ನುಗ್ಗುತ್ತಿತ್ತು. ಮಕ್ಕಳನ್ನು ಹಿಂದೆ ಕೂರಿಸುತ್ತಿದ್ದಿರಾ ಎಂದು ಎಂಜಿನಿಯರ್ ಕೇಳಿದರು. ಮಕ್ಕಳನ್ನಲ್ಲ, ಅತ್ತೆಯನ್ನು ಎಂದೆ.

ಕಾರನ್ನು ಅಲ್ಲಿಯೇ ಬಿಟ್ಟು ಬಂದೆ, ಮನೆಯಲ್ಲಿ ಯಾರಿಗೂ ಏನೂ ಹೇಳಲಿಲ್ಲ. ಅದೇ ವಾರ ಹರೀಶ ಮುಂದಿನ ರಜೆಗೆ ಬಂದ ದಿನ, ಅವನ ಊಟ ಮುಗಿಯುವವರೆಗೆ ತಡೆದುಕೊಂಡೆ. ಬಲ್ಬು ತೆಗೆಸಿದ್ದು ಯಾರು ಎಂದು ಕೇಳಿದೆ.

“ನಾನೇ. ದೀಪ ನೋಡಿ ನೀವು ಸುಮ್ಮನೆ ಹೆದರ್ತೀರಿ ಅಂತ.”

“ಹೆದರ್ಲಿಕ್ಕೇ ಅಲ್ವಾ ಅದನ್ನು ಇಟ್ಟದ್ದು? ನಾನು ಯಾವಾಗ ಹೆದರಬೇಕು ಅಂತ ಹೇಳ್ಲಿಕ್ಕೆ ನೀನು ಯಾರು?”

ಯಜಮಾನರು ನಡುವೆ ಬಂದರು, ಅವನಿಗೇನು ಗೊತ್ತು ಎಂದು. ಗೊತ್ತಿಲ್ಲದವನು ಕೈ ಹಾಕಿದ್ದೇಕೆ ಎಂದು ಅವರಿಗೂ ಕೇಳಿಸಿದೆ. ಜನ್ಮದಲ್ಲಿ ಅಷ್ಟು ಜೋರಾಗಿ ಮಾತಾಡಿದವಳಲ್ಲ. ಪೈಪಿನ ಕಥೆ, ಹೊಗೆಯ ಕಥೆ ಎಲ್ಲ ಒಂದೇ ಉಸಿರಿಗೆ ಹೇಳಿದೆ.

ಅಡುಗೆಮನೆಯ ಬಾಗಿಲಲ್ಲಿ ಅತ್ತೆ ನಿಂತಿದ್ದರು. ಅಷ್ಟರಲ್ಲಿ ವ್ಯಾಯಾಮ ತಪ್ಪಿ ಮಂಡಿ ಬಿಗಿದು, ಕೈಗೆ ಕೋಲು ಬಂದಿತ್ತು. ತುಳುವಿನಲ್ಲಿ ಮೆಲ್ಲಗೆ ಕೇಳಿದರು:

“ಹಾಗಾದರೆ ಕೆಟ್ಟದ್ದು ನಾನಲ್ಲವಾ?”

ಹರೀಶ ಆ ರಜೆಯಲ್ಲೇ ಕಂಪನಿಯ ಕೊಳವೆ, ಡಬ್ಬಿ, ಸೆನ್ಸರ್ ಎಲ್ಲ ಹೊಸತಾಗಿ ಹಾಕಿಸಿದ. ತಾಯಿಯ ಕಾಲಿಗೂ ಬಿದ್ದ. ಅತ್ತೆ ಅವನನ್ನು ಕ್ಷಮಿಸಿದರು, ನಾನು ಕ್ಷಮಿಸಲಿಲ್ಲ. ಮತ್ತೆ ಅವರು ನನ್ನೊಡನೆ ಬಂದದ್ದುಂಟು, ಮುಂದಿನ ಸೀಟಿನಲ್ಲಿ, ಧೂಳಾದರೂ ಗಾಜು ಇಳಿಸಿ. ಆದರೆ ಮಂಡಿ ಪೂರ್ತಿ ಮಡಚಲಿಲ್ಲ. ಕೋಲು ಕೊನೆಯವರೆಗೂ ಉಳಿಯಿತು.

ಸದ್ದಿಗೆ ಸಿಟ್ಟು ಬರುತ್ತದೆಂದು ಇಷ್ಟು ದಿನ ಅಂದುಕೊಂಡಿದ್ದೆ. ಬರೆಯುತ್ತಾ ಕೂತಾಗ ತಿಳಿಯಿತು, ಸದ್ದಿಗಲ್ಲ. ಎಲ್ಲರೂ ಸೇರಿ ಅತ್ತೆಯ ಕಥೆ ಮುಗಿಯಿತು ಎಂದರಲ್ಲ, ಅದಕ್ಕೆ.

ಮೊನ್ನೆ ಬೆಳ್ತಂಗಡಿಯಿಂದ ಮಗನ ಕಾರಿನಲ್ಲಿ ಬರುವಾಗ ನನಗೆ ತಲೆ ಸಿಡಿಯತೊಡಗಿತು. “ವಯಸ್ಸಾಯ್ತಲ್ಲ ಅಮ್ಮ” ಎಂದ. ಕಾರು ನಿಲ್ಲಿಸಲು ಹೇಳಿ, ಇಳಿದು, ನಾಲ್ಕೂ ಬಾಗಿಲು ತೆರೆಸಿದೆ. ಎದುರಿಗೆ ಸಿಕ್ಕಿಸಿದ್ದ ಅತ್ತರಿನಂಥ ವಾಸನೆಯ ಡಬ್ಬಿ ಅವನದೇ ಕೈಯಿಂದ ಕೀಳಿಸಿ ಡಿಕ್ಕಿಗೆ ಹಾಕಿಸಿದೆ. ಗುರುವಾಯನಕೆರೆ ದಾಟುವಷ್ಟರಲ್ಲಿ ತಲೆನೋವು ಹೋಯಿತು. ವಯಸ್ಸು ಇದ್ದಷ್ಟೇ ಇತ್ತು.