ಚಿಲಕಕ್ಕೆ ಕಟ್ಟಿದ ಅಲಾರಾಂ

ಲಾರಿಯ ಬ್ರೇಕಿನ ಆ ಕಿರುಚಾಟ ಇನ್ನೂ ನನ್ನ ಕಿವಿ ಬಿಟ್ಟು ಹೋಗಿಲ್ಲ. ರೊಟ್ಟಿ ಬಡಿಯುವಾಗ ಕೇಳಿಸುತ್ತದೆ, ಕೈ ನಿಂತುಬಿಡುತ್ತದೆ.

ಹತ್ತರಗಿಯ ನಮ್ಮ ಮನೆಯಿಂದ ಹೆದ್ದಾರಿ ಕೂಗಳತೆಯ ದೂರ. ನನ್ನ ಮಾವ, ಅಂದರೆ ಗಂಡನ ತಂದೆ, ಆಯುಷ್ಯವೆಲ್ಲ ಕುರಿ ಕಾಯ್ದವರು. ಈಚೆಗೆ ಮರೆವು ಹೆಚ್ಚಾಗಿದೆ. ಎಂದೋ ಮಾರಿದ ಕುರಿಗಳು ರಸ್ತೆಯಾಚೆ ಮೇಯುತ್ತಿವೆ ಎಂದುಕೊಂಡು, ಮಧ್ಯಾಹ್ನ ನಾವು ಅಡ್ಡಾದ ಹೊತ್ತಿಗೆ ಎದ್ದು ಹೊರಟುಬಿಡುತ್ತಾರೆ. ಬಾಗಿಲಿಗೆ ಕೀಲಿ ಹಾಕಿದರೆ ಮಗುವಿನಂತೆ ಅಳುತ್ತಾರೆ. ಅದನ್ನು ನೋಡಲು ಅತ್ತೆಗೂ ಆಗದು, ನನಗೂ ಆಗದು.

ಕಾಲೇಜಿನ ಲ್ಯಾಬಿನಲ್ಲಿ ಕಲಿತದ್ದನ್ನು ನೆನಪಿಸಿಕೊಂಡು ಒಂದು ಅಲಾರಾಂ ಮಾಡಲು ಕುಳಿತೆ. ಘಟಪ್ರಭಾದ ರಿಪೇರಿ ಅಂಗಡಿಯಿಂದ ಎರಡು ಟ್ರಾನ್ಸಿಸ್ಟರ್, ಒಂದಿಷ್ಟು ರೆಸಿಸ್ಟರ್, ಬಜರ್, ಸಣ್ಣ ಬ್ಯಾಟರಿ ತಂದೆ. ಬಾಗಿಲ ಒಳಗಿನ ಚಿಲಕಕ್ಕೆ ಟೇಪು ಸುತ್ತಿ, ಮೇಲೆ ಎರಡು ಬರಿ ತಂತಿಗಳನ್ನು ಒಂದಕ್ಕೊಂದು ತಾಗದಂತೆ ಕಟ್ಟಿದೆ. ಬೆರಳು ಎರಡನ್ನೂ ಒಟ್ಟಿಗೆ ಮುಟ್ಟಿದರೆ ಚರ್ಮದ ಮೂಲಕ ಹರಿಯುವ ಚೂರು ವಿದ್ಯುತ್ತೇ ಸಾಕು, ಬಜರ್ ಕೂಗುತ್ತದೆ.

“ಮಾವಗ ಕರೆಂಟ್ ಹೊಡಿಸ್ತಿ ಏನವಾ?” ಅತ್ತೆ ದೂರ ಸರಿದು ಕೇಳಿದರು.

“ಇಲ್ರಿ ಅತ್ತಿ, ಇರುವಿ ಕಚ್ಚಿದಷ್ಟೂ ಗೊತ್ತಾಗೂದಿಲ್ಲ. ಮುಟ್ಟಿ ನೋಡ್ರಿ.”

ಮುಟ್ಟಿದರು. ಪೀ ಎಂದಿತು. “ಅಯ್ಯ ಇದರ! ನನಗಿಂತ ಜೋರ್ ಬಾಯಿ ಐತಿ ಇದಕ್ಕ,” ಎಂದು ನಕ್ಕು ಮತ್ತೆ ಮತ್ತೆ ಮುಟ್ಟಿದರು.

ಮಾವ ಕಟ್ಟೆಯಿಂದ ಗದರಿದರು: “ಕೂಸಿನ್ನ ಯಾಕ ಅಳಸಾಕತ್ತೀರಿ? ಹಾಲ್ ಕುಡಸ್ರಿ!”

ಮರುದಿನ ಅಲಾರಾಂ ನಂಬಿ ಬಟ್ಟೆ ಒಣಹಾಕಲು ಮಾಳಿಗೆ ಹತ್ತಿದೆ. ಸದ್ದಿಲ್ಲ. ತಲೆ ಎತ್ತಿದರೆ ಮಾವ ಹೆದ್ದಾರಿಯತ್ತ ನಡೆದಿದ್ದಾರೆ. ಹೇಗೆ ಇಳಿದೆನೋ, ಹೇಗೆ ಓಡಿದೆನೋ. ನಾನು ರಸ್ತೆಯಂಚು ಮುಟ್ಟುವಾಗ ಅವರು ನಟ್ಟನಡುವೆ. ಲಾರಿ ಚೀರುತ್ತಾ ಬಂದು ಅವರಿಂದ ಒಂದು ಮಾರು ದೂರದಲ್ಲಿ ನಿಂತಿತು. ಮಾವ ಕದಲಲಿಲ್ಲ. ಹಾಯಲು ಬಂದ ಟಗರಿಗೆ ಹೇಳುವಂತೆ ಕೋಲೆತ್ತಿ, “ಹೇ, ಹಿಂದಕ್ಕ ಸರಿ!” ಎಂದರು. ಅವರ ಹಣೆಯ ಮೇಲೆ ಆಗಷ್ಟೇ ಹಚ್ಚಿಕೊಂಡ ಹಳದಿ ಭಂಡಾರ, ದೇವರ ಅರಿಶಿನ ಪುಡಿ.

“ಯಜ್ಜಾ, ನನ್ನ ಜೇಲಿಗಿ ಕಳಸ್ತಿದ್ಯಲ್ಲೋ!” ಎಂದ ಡ್ರೈವರ್ ರಸ್ತೆಯಲ್ಲೇ ಕುಸಿದು ಕುಳಿತ.

ಮನೆಗೆ ಬಂದು, ಒಳಗಿನಿಂದ ಚಿಲಕ ಹಾಕಿ, ಬಾಗಿಲು ತೆರೆಯಲು ಮಾವನಿಗೇ ಹೇಳಿದೆ. ಅವರು ದೂರದಲ್ಲೇ ನಿಂತು ಕೋಲಿನ ತುದಿಯಿಂದ ಚಿಲಕ ಎಬ್ಬಿಸಿದರು. ಕಟ್ಟಿಗೆಗೆ ಬಜರ್ ಯಾಕೆ ಕೂಗೀತು?

ಅತ್ತೆ ಹಣೆ ಬಡಿದುಕೊಂಡರು. “ಕುರಿದೊಡ್ಡಿ ಬಾಗಲಾ ಹಿಂಗ ತಗೀತಿದ್ರವಾ. ಎರಡೂ ಬಗಲಾಗ ಮರಿ ಇರತಿದ್ವು, ಕೈ ಎಲ್ಲಿಂದ ಬರಬೇಕು?”

ಕಣ್ಣು ಮುಚ್ಚಿದರೆ ಲಾರಿಯ ಮುಂದಿನ ಆ ಹಳದಿ ಹಣೆಯೇ ಕಾಣುತ್ತಿತ್ತು. ಭಂಡಾರ ಹಚ್ಚಿಕೊಳ್ಳದೆ ಅವರು ಹೊಸ್ತಿಲು ದಾಟುವುದಿಲ್ಲ. ಅದನ್ನು ಯಾರೂ ಕೋಲಿನಿಂದ ಹಚ್ಚಿಕೊಳ್ಳುವುದೂ ಇಲ್ಲ. ಅತ್ತೆಯ ಒಪ್ಪಿಗೆ ಕೇಳಿ ತಂತಿಗಳನ್ನು ಭಂಡಾರದ ಡಬ್ಬಿಯ ಮುಚ್ಚಳಕ್ಕೆ ಕಟ್ಟಿದೆ.

ಮೊನ್ನೆ ಮಧ್ಯಾಹ್ನ ಅದು ಪೀ ಎಂದಿತು. ಓಡಿಬಂದೆ. ಮಾವ ಡಬ್ಬಿ ಹಿಡಿದು ನಿಂತಿದ್ದರು.

“ಕುರಿ ತಿರುವಾಕ ಹೊಂಟೇನಿ. ನೀನೂ ಬರ್ತಿ ಏನು?”

“ಬರ್ತೇನ್ರಿ ಮಾವ. ಹಿತ್ತಲ ದಾರಿ ಹಿಡಿಯೂಣು.”

“ಬರಿ ಹಣಿಲೆ ಬರ್ತಾರೇನು?” ಎಂದು ಬೈದು ನನ್ನ ಹಣೆಗೂ ಭಂಡಾರ ಬಳಿದರು. ನನ್ನ ಕೈಯನ್ನು ಬಗಲಿಗೆ ಸೇರಿಸಿಕೊಂಡು, ಮರಿಯನ್ನು ಕರೆದೊಯ್ಯುವ ಹಾಗೆ, ಹೊಲದ ಕಡೆ ನಡೆದರು.